ಅತ್ತಿಯ ದನಿ ಮತ್ತು ಎರಡು ಸತ್ಯವಂತ ಸ್ಪೀಕರುಗಳು

ಮೊನ್ನೆ ಮನೆಗೆ ಸುಣ್ಣ ಬಳಿಸಲೆಂದು ಅಟ್ಟ ಖಾಲಿ ಮಾಡಿಸುತ್ತಿದ್ದಾಗ ಹಳೆಯ ಕೊಡೆ, ಕಾಲು ಮುರಿದ ತೊಟ್ಟಿಲು, ಎಂದೋ ನಿಂತುಹೋದ ಗೋಡೆ ಗಡಿಯಾರ ಇವುಗಳ ಹಿಂದಿನಿಂದ ಒಂದು ಮಣ್ಣಿನ ಗಡಿಗೆಯೂ ಇಳಿದು ಬಂತು. ನೀರಿನ ಗಡಿಗೆಯಲ್ಲ, ಮೊಸರಿನದೂ ಅಲ್ಲ. ಅದರ ಬಾಯಿಗೆ ಅಂಗೈಯಗಲದ ಸ್ಪೀಕರೊಂದು ಕೂತಿತ್ತು. ಹೊಟ್ಟೆಗೆ ತೂತು ಕೊರೆದು ಎರಡೆಳೆ ವೈರು ಹೊರಗೆ ಬಿಟ್ಟಿತ್ತು. ನನ್ನ ಹೆಂಡತಿ ಕಸ್ತೂರಿ ಅದನ್ನು ಕತ್ತು ಹಿಡಿದು ಎತ್ತಿ, "ಇದನ್ನ ಇಡೂದೋ ಒಗಿಯೂದೋ ಹೇಳ್ರಿ" ಎಂದಳು. ಇಡು ಎಂದೆ. ಯಾಕೆ ಎಂದು ಕೇಳಿದಳು. ಅವಳು ಹೋದ ಮೇಲೂ ಆ ಗಡಿಗೆಯ ಮುಂದೆ ಬಹಳ ಹೊತ್ತು ಕೂತಿದ್ದೆ.

ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಸ್ಪೀಕರನ್ನು ಗಡಿಗೆಗೆ ಕೂರಿಸುವುದೊಂದು ದೊಡ್ಡ ಷೋಕಿಯಾಗಿತ್ತು. ಪೆಟ್ಟಿಗೆ ಮಾಡಿಸಬೇಕೆಂದರೆ ಬಡಿಗೇರನ ಹತ್ತಿರ ಹೋಗಬೇಕು, ಅವನು ಇಂದು ನಾಳೆ ಎನ್ನುತ್ತಾನೆ. ಗಡಿಗೆಯಾದರೆ ಸಂತೆಯಲ್ಲಿ ಸಿಗುತ್ತದೆ. ಆಗ ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಕ್ಯಾಸೆಟ್ ತುಂಬಿಕೊಡುವ ಅಂಗಡಿ. ಜನ ಬೇಕಾದ ಹಾಡುಗಳ ಹೆಸರು ಹೇಳಿ ಖಾಲಿ ಕ್ಯಾಸೆಟ್ ಕೊಟ್ಟು ಹೋಗುವುದು, ನಾನು ತುಂಬಿ ಇಡುವುದು. ಅಂಗಡಿಯ ನೆತ್ತಿಯ ಮೇಲೆ ಈ ಗಡಿಗೆ ದಿನವಿಡೀ ಗುಂಯ್ ಎನ್ನುತ್ತಿತ್ತು. ಗಿರಾಕಿಗಳು ಬಂದು, "ನಮ್ಮ ಕ್ಯಾಸೆಟ್ನ್ಯಾಗೂ ಹಿಂಗ ಗುಂಯ್ ಅನ್ನಬೇಕ್ ನೋಡ್ರಿ" ಎನ್ನುವರು. ಆ ಗುಂಯ್ ಹಾಡಿನದಲ್ಲ, ಗಡಿಗೆಯದು ಎಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನನ್ನ ಕಿವಿ ಬೆಳೆದದ್ದು ಆ ಗಡಿಗೆಯ ಕೆಳಗೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದಿನ ಗೊಂದಲಗಳಿಗೆಲ್ಲ ಅದೇ ಮೂಲ.

ಎರಡು ಸಾವಿರ ದಾಟಿದ ಮೇಲೆ ಕ್ಯಾಸೆಟ್ಟಿಗೆ ಗಿರಾಕಿ ಕಡಿಮೆಯಾದರು. ಅಂಗಡಿ ಮುಚ್ಚಿ, ಒಂದು ಕಂಪ್ಯೂಟರು ಕೊಂಡು, ಮನೆಯ ಹಿಂದಿನ ಖೋಲಿಯನ್ನೇ ಸ್ಟುಡಿಯೋ ಎಂದು ಕರೆದೆ. ಸುತ್ತಲಿನ ಊರುಗಳ ಭಜನಾ ಮೇಳದವರು ಬರುತ್ತಿದ್ದರು. ಅವರ ದನಿ, ತಬಲಾ, ಹಾರ್ಮೋನಿಯಂ ಪೇಟಿ, ತಾಳ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಕೊಂಡು ಯಾವುದು ಎಷ್ಟು ಕೇಳಬೇಕೆಂದು ತೀರ್ಮಾನಿಸುವುದು ನನ್ನ ಕೆಲಸ. ಇದಕ್ಕೆ ಮಿಕ್ಸಿಂಗ್ ಎಂದು ಹೆಸರು. ನಾನು ಮಿಕ್ಸ್ ಮಾಡಿದ ಹಾಡು ನನ್ನ ಮನೆಯಲ್ಲಿ ಅಮೃತದಂತೆ ಇರುತ್ತಿತ್ತು, ಅವರ ಮನೆಗೆ ಹೋದೊಡನೆ ತಬಲಾ ಮಾಯವಾಗುತ್ತಿತ್ತು. ಒಬ್ಬ ತಬಲಜಿ ಬಂದು, ತನಗೂ ಮೇಳದ ಹಿರಿಯರಿಗೂ ಜಗಳವಾದದ್ದು ಊರಿಗೆಲ್ಲ ಗೊತ್ತಿದೆ, ಅವರ ಮಾತು ಕೇಳಿ ತನ್ನನ್ನು ಅಳಿಸಿದ್ದೀರಾ ಎಂದು ಕೇಳಿದ. ಆಗಲೇ ಹುಬ್ಬಳ್ಳಿಯ ಪರಿಚಿತರೊಬ್ಬರು, ಮನೆಯ ಸ್ಪೀಕರಿನಲ್ಲಿ ಮಿಕ್ಸಿಂಗ್ ಆಗುವುದಿಲ್ಲ, ಅದಕ್ಕೆ ಸ್ಟುಡಿಯೋ ಮಾನಿಟರ್ ಎಂಬ ಬೇರೆ ಜಾತಿಯ ಸ್ಪೀಕರೇ ಬೇಕು ಎಂದು ತಲೆಯಲ್ಲಿ ಹುಳ ಬಿಟ್ಟರು.

ಬೆಳಗಾವಿಯಲ್ಲಿ ಸಂಗೀತದ ಸಾಮಾನಿನ ಅಂಗಡಿಯೊಂದಿತ್ತು. ಅಂಗಡಿಯವರು ಮರಾಠಿಗರು, ಪೇಟಿಯ ಮೇಲಿನ ಧೂಳು ಒರೆಸುತ್ತಲೇ ಮಾತಾಡುವವರು. ಸ್ಟುಡಿಯೋ ಮಾನಿಟರ್ ಎಂದೊಡನೆ ಒಳಗಿನ ಖೋಲಿಗೆ ಕರೆದೊಯ್ದು ಕಪ್ಪು ಪೆಟ್ಟಿಗೆಗಳ ಜೋಡಿಗಳನ್ನು ತೋರಿಸಿದರು.

"ಇದರಾಗ ಹಾಡು ಚಂದ ಕೇಳಸ್ತೈತೇನ್ರಿ?" ಎಂದೆ.

"ಚಂದ ಬೇಕಂದ್ರ ಆ ಕಡೆ ಕಪಾಟಿನ್ಯಾಗ ಅದಾವ ಸಾಹೇಬ್ರ. ಇವು ಚಂದ ಕೇಳಸಾಕ ಅಲ್ರಿ. ಇದ್ದದ್ದು ಇದ್ದಂಗ ಹೇಳತಾವ."

"ಹಂಗಂದ್ರ ಕೆಟ್ಟ ಕೇಳಸ್ತೈತೇನ್ರಿ?"

"ನೀವು ಕೆಟ್ಟ ಮಾಡಿದ್ರ ಕೆಟ್ಟ ಕೇಳಸ್ತೈತ್ರಿ" ಎಂದು ಅವರು ಮತ್ತೆ ಧೂಳಿನ ಬಟ್ಟೆ ಎತ್ತಿಕೊಂಡರು.

ನೀವೇ ಹೇಳಿ, ಹೀಗೆ ಮಾತಾಡುವ ಅಂಗಡಿಯಲ್ಲಿ ಆರಿಸುವುದು ಹೇಗೆ? ನಾನು ಒಯ್ದಿದ್ದ ಭಜನೆಯ ಸಿಡಿಯನ್ನು ಮೊದಲ ಜೋಡಿಯಲ್ಲಿ ಹಚ್ಚಿಸಿದೆ. ಗಡಿಗೆಯ ಗುಂಯ್ ನೆನಪಾಗುವಷ್ಟು ಸೊಗಸಾಗಿತ್ತು. ಇದೇ ಇರಲಿ ಎಂದೆ. "ಛಲೋ ಅನಿಸ್ತಂದ್ರ ಅದು ಬ್ಯಾಡ್ರಿ, ಅದು ನಿಮಗ ಬೆಣ್ಣಿ ಹಚ್ಚಾಕತ್ತೈತಿ" ಎಂದರು ಅಂಗಡಿಯವರು. ಎರಡನೆಯದು ಕೀರಲು. ಅದೂ ಬೇಡವಂತೆ, ಅದು ಇಲ್ಲದ ತಪ್ಪು ಹೇಳುತ್ತದಂತೆ. ಹಾಗಾದರೆ ಇದ್ದ ತಪ್ಪನ್ನು ಇದ್ದಷ್ಟೇ ಹೇಳುವುದು ಯಾವುದೆಂದು ತಿಳಿಯಲು ನನ್ನ ತಪ್ಪೆಷ್ಟೆಂದು ನನಗೆ ಮೊದಲೇ ಗೊತ್ತಿರಬೇಕಲ್ಲ. ಕೊನೆಗೆ ನನಗೆ ಎಲ್ಲಕ್ಕಿಂತ ಕಡಿಮೆ ಇಷ್ಟವಾದ ಜೋಡಿಯನ್ನು ಕೊಂಡೆ. ಇಷ್ಟವಾಗದ್ದನ್ನು ಹುಡುಕಿ ಕೊಂಡ ಮೊದಲ ಗಿರಾಕಿ ನಾನೇ ಇರಬೇಕು ಅಂದುಕೊಂಡೆ, ಆದರೆ ಅಂಗಡಿಯವರು ಬಹಳ ಮೆಚ್ಚಿಕೊಂಡು ಚಹಾ ತರಿಸಿದರು.

ಬಸ್ಸಿನಲ್ಲಿ ಎರಡೂ ಪೆಟ್ಟಿಗೆಗಳನ್ನು ತೊಡೆಯ ಮೇಲಿಟ್ಟುಕೊಂಡು ನೇಸರಗಿ ಮೇಲೆ ಹಾಯ್ದು ಊರಿಗೆ ಬಂದೆ. ಹಿಂದಿನ ಖೋಲಿಯಲ್ಲಿ ಜಾಗವೆಂದರೆ ಅಷ್ಟಕ್ಕಷ್ಟೆ. ಅದು ಸ್ಟುಡಿಯೋ ಆದದ್ದು ಇತ್ತೀಚೆಗೆ, ಹುಟ್ಟಿನಿಂದ ಅದು ಕಾಳಿನ ಖೋಲಿ. ನಾವೂ ಅಣ್ಣನೂ ಒಂದೇ ಮನೆಯಲ್ಲಿ ಇರುವುದು, ಹೊಲ ನೋಡುವವನು ಅಣ್ಣ. ಯುಗಾದಿ ಮುಗಿದಿತ್ತು, ಹೊಸ ಬಿಳಿಜೋಳದ ಚೀಲಗಳು ನನ್ನ ಕುರ್ಚಿಯ ಹಿಂದೆ, ಎರಡೂ ಮೂಲೆಗಳಲ್ಲಿ ಜಂತಿಯ ತನಕ ಪೇರಿಸಿದ್ದವು. ಅವುಗಳ ಮುಂದೆ ಮೇಜು, ಮೇಜಿನ ಮೇಲೆ ಸ್ಪೀಕರು. ಹಚ್ಚಿ ಕೇಳಿದರೆ ನನಗೆ ದಿಗಿಲಾಯಿತು. ಮೇಳದವರ ಹಾಡಿನಲ್ಲಿ ಹಾಡುವವರು ಉಗುಳು ನುಂಗುವುದು ಕೇಳಿಸಿತು. ಪೇಟಿಯ ತಿದಿಯ ಏದುಸಿರು ಕೇಳಿಸಿತು. ತಬಲಾದವನು ಒಂದು ಕಡೆ ತಾಳ ತಪ್ಪಿ, ಹುಷಾರಾಗಿ ವಾಪಸು ಬಂದು ಸೇರಿಕೊಂಡದ್ದೂ ಕೇಳಿಸಿತು. ಕಸ್ತೂರಿ ಬಾಗಿಲಲ್ಲಿ ನಿಂತು ಕೇಳಿ, "ಗಡಿಗಿನ ಛಲೋ ಇತ್ತ್ರೀ, ಅದರಾಗ ಯಾರ ಉಗುಳೂ ಕೇಳಸ್ತಿರಲಿಲ್ಲ" ಎಂದು ಹೋದಳು.

ಇಲ್ಲಿ ಹಗೇವಿನ ಮಾತು ಹೇಳದೆ ಮುಂದೆ ಹೋಗಲಾರೆ. ನಾನು ಸಣ್ಣವನಿದ್ದಾಗ ನಮ್ಮ ಮನೆಯ ಮುಂದೆ ಒಂದು ಹಗೇವು ಇತ್ತು. ನೆಲದೊಳಗೆ ಬಾವಿಯಂತೆ ತೋಡಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವುದು. ಜೋಳ ತೆಗೆದ ಮೇಲೆ ಗಾಳಿಯಾಡಲೆಂದು ಕೆಲವು ದಿನ ಬಾಯಿ ತೆರೆದಿಡುತ್ತಿದ್ದರು. ಆಗ ನಾನು ಬೋರಲು ಮಲಗಿ ಅದರೊಳಗೆ ನನ್ನ ಹೆಸರನ್ನೇ ಕೂಗುತ್ತಿದ್ದೆ. ಕೆಳಗಿನಿಂದ ಮೀಸೆ ಬಂದ ಗಂಡಸಿನ ದನಿಯಲ್ಲಿ ನನ್ನ ಹೆಸರು ಮೇಲೆ ಬರುತ್ತಿತ್ತು. ದೊಡ್ಡವನಾಗುವುದಕ್ಕೆ ಇದಕ್ಕಿಂತ ಸುಲಭ ದಾರಿ ಇರಲಿಲ್ಲ. ಒಮ್ಮೆ ನೀಲವ್ವತ್ತಿ ನನ್ನ ಎರಡೂ ಕಾಲು ಹಿಡಿದು ಹಿಂದಕ್ಕೆ ಎಳೆದಳು. "ಹಗೇದಾಗ ಒಬ್ಬಾಂವ ಒದರಬಾರದೋ ತಮ್ಮಾ, ದನಿ ಒಳಗ ಉಳೀತೈತಿ" ಎಂದಳು. ನಾನು ಬಿದ್ದೇನೆಂಬ ಹೆದರಿಕೆಗೆ ಹೇಳಿದ ಮಾತು ಅದು. ನನಗೆ ಮಾತ್ರ ಎಷ್ಟೋ ದಿನ ನನ್ನ ದನಿ ಸ್ವಲ್ಪ ಕಡಿಮೆಯಾದಂತೆ ಅನಿಸುತ್ತಿತ್ತು.

ನೀಲವ್ವತ್ತಿ ನಮ್ಮ ಅಪ್ಪನ ಅಕ್ಕ. ಕೊಟ್ಟದ್ದು ನೇಸರಗಿಗೆ. ಅತ್ತಿ ಎಂದರೆ ನಮ್ಮ ಬಳಗಕ್ಕೆಲ್ಲ ಸೋಬಾನದ ಹಾಡು. ಮದುವೆಯಲ್ಲಿ ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ಆ ಸುರಗಿಯ ನಡುವೆ ಮದುಮಕ್ಕಳನ್ನು ಕೂರಿಸಿ ಅರಿಶಿನ ಹಚ್ಚಿ ನೀರೆರೆಯುವಾಗ ಅತ್ತಿ ಸೆರಗು ಸಿಕ್ಕಿಸಿಕೊಂಡು ನಿಂತು ಒಂದು ಸಾಲು ಎತ್ತುವಳು. ಹಿಂದೆ ನಿಂತ ಹೆಂಗಸರು ಅದೇ ಸಾಲನ್ನು ತಿರುಗಿ ಅನ್ನುವರು. ಅತ್ತಿ ಬಾರದ ಹೊರತು ಯಾರ ಮನೆಯಲ್ಲೂ ಸುರಗಿ ಸುತ್ತುತ್ತಿರಲಿಲ್ಲ. ಆಮೇಲೆ ಅವಳ ಗಂಟಲಲ್ಲಿ ಗಂಟಾಯಿತು, ಬೆಳಗಾವಿಯಲ್ಲಿ ಆಪರೇಷನ್ ಆಯಿತು. ಜೀವಕ್ಕೆ ಏನೂ ಆಗಲಿಲ್ಲ, ದನಿ ಹೋಯಿತು. ಹತ್ತಿರ ಕಿವಿ ಒಯ್ದರೆ ಕೇಳುವಷ್ಟು ಪಿಸುಮಾತು ಮಾತ್ರ ಉಳಿಯಿತು. ಅತ್ತಿ ಅದರ ಬಗ್ಗೆ ಒಂದು ದಿನವೂ ಅತ್ತವಳಲ್ಲ. ಮದುವೆಗಳಿಗೆ ಹೋಗುವುದನ್ನು ಮಾತ್ರ ಬಿಟ್ಟಳು.

ಆ ವರ್ಷದ ಮಳೆಗಾಲದಲ್ಲಿ ಅವಳ ಮೊಮ್ಮಗಳು ಗೌರಿಗೆ ಗಂಡು ಗೊತ್ತಾಯಿತು. ಅತ್ತಿಯ ಮಗಳು ಶಾಂತಕ್ಕನನ್ನು ರಾಮದುರ್ಗಕ್ಕೆ ಕೊಟ್ಟಿತ್ತು, ಗೌರಿ ಆಕೆಯ ಒಬ್ಬಳೇ ಮಗಳು. ಮದುವೆ ಸಂಕ್ರಾಂತಿಯ ಆಚೆ, ರಾಮದುರ್ಗದ ಮನೆಯ ಮುಂದೆಯೇ ಹಂದರ ಹಾಕಿ. ಗೌರಿ ಹಟ ಹಿಡಿದಳು. "ಆಯಿ ಹಾಡಿದ್ರ ನಾ ಸುರಗ್ಯಾಗ ಕುಂಡ್ರಾಕಿ. ಇಲ್ಲಂದ್ರ ಬಚ್ಚಲದಾಗ ಸುಮ್ನ ನೀರ ಹಾಕ್ಕೊಂಡ ಬರತೇನಿ" ಎಂದಳಂತೆ. ದನಿಯೇ ಇಲ್ಲದ ಅಜ್ಜಿ ಹಾಡುವುದೆಲ್ಲಿಂದ? ಶಾಂತಕ್ಕ ನನಗೆ ಫೋನು ಮಾಡಿ ಕೇಳಿದಳು. ನನ್ನ ತಂಗಿಯ ಮದುವೆಯಲ್ಲಿ ಅತ್ತಿ ಹಾಡಿದ್ದನ್ನು ನಾನು ಕ್ಯಾಸೆಟ್ಟಿಗೆ ಹಿಡಿದದ್ದು ಅವಳಿಗೆ ನೆನಪಿತ್ತು. ಅದನ್ನೇ ಚೆನ್ನಾಗಿ ಮಾಡಿ ತಂದುಬಿಡು, ಸುರಗಿಗೆ ಹಚ್ಚೋಣ ಎಂದಳು. ಸತ್ಯವಂತ ಸ್ಪೀಕರು ಕೊಂಡ ಸೊಕ್ಕಿನಲ್ಲಿದ್ದ ನಾನು ಆಗಲೆಂದೆ.

ದಸರೆಯ ಹೊತ್ತಿಗೆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದೆ. ಅದರಲ್ಲಿ ಮೊದಲಿಗೇ ಒಂದು ತೊಡಕು. ಹಾಡಿನ ನಡುವೆಯೇ ಕ್ಯಾಸೆಟ್ಟಿನ ಒಂದು ಬದಿ ಮುಗಿದಿತ್ತು. ತಿರುವಿ ಹಾಕುವುದನ್ನು ನಾನು ಮರೆತು ಊಟಕ್ಕೆ ಕೂತಿದ್ದೆ ಎಂದು ಕಾಣುತ್ತದೆ. ಅದಿರಲಿ, ಕೊನೆಗೆ ದನಿಯನ್ನು ಮೆಲ್ಲಗೆ ಇಳಿಸಿ ಮುಗಿಸಿದರಾಯಿತು ಅಂದುಕೊಂಡೆ. ದೊಡ್ಡ ತೊಡಕು ಹಿಂದೆ ಅನ್ನುವ ಹೆಂಗಸರದು. ಅವರು ಟೇಪ್ ರೆಕಾರ್ಡರಿನ ಪಕ್ಕದಲ್ಲೇ ನಿಂತಿದ್ದರು. ಗಡಿಗೆಯಲ್ಲಿ ಕೇಳಿದಾಗ ಎಲ್ಲ ಸೇರಿ ಒಂದು ಹಾಡಾಗಿತ್ತು. ಹೊಸ ಸ್ಪೀಕರಿನಲ್ಲಿ ಒಬ್ಬೊಬ್ಬರೂ ಬೇರೆ ಬೇರೆಯಾಗಿ ಎದ್ದು ಬಂದರು. ಒಬ್ಬಳದು ಮೇಲಿನ ಶ್ರುತಿ, ಇನ್ನೊಬ್ಬಳದು ಎಲ್ಲಿಯದೋ. ಬಳೆಯ ಸದ್ದು, ಕೂಸಿನ ಅಳು. ಯಾರೋ ನಡುವೆಯೇ, "ಎಲಿ ಅಡಿಕಿ ತಾಟ ಎಲ್ಲೆ ಇಟ್ಟಿ?" ಎಂದು ಕೇಳಿದ್ದಳು. ಮೊದಲು ಎತ್ತುವ ಸಾಲು ಅತ್ತಿಯದು, ತಿರುಗಿ ಅನ್ನುವುದು ಇವರದು, ಒಂದಾದ ಮೇಲೊಂದು ಬರುವುದರಿಂದ ಬೇರ್ಪಡಿಸುವುದು ಸುಲಭ. ಹೆಂಗಸರ ಸಾಲುಗಳನ್ನೆಲ್ಲ ಕತ್ತರಿಸಿ ತೆಗೆದೆ. ಆ ಜಾಗಕ್ಕೆ ಕೀಬೋರ್ಡಿನಲ್ಲಿ ಕೊಳಲು ನುಡಿಸಿ ಹಾಕಿದೆ. ಅತ್ತಿಯ ದನಿ ಈಗ ತೊಳೆದ ಅಕ್ಕಿಯಂತೆ ಬಿಡಿಬಿಡಿಯಾಗಿ ಕೇಳುತ್ತಿತ್ತು.

ದೀಪಾವಳಿಗೆ ಅತ್ತಿ ತವರಿಗೆ ಬಂದಳು. ಕುರ್ಚಿಯಲ್ಲಿ ಕೂರಿಸಿ ಹಚ್ಚಿದೆ. ಅತ್ತಿ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೇಳಿದಳು. ಮುಗಿದ ಮೇಲೆ ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದಳು, "ಛಲೋ ಹಾಡ್ಯಾಳ. ಯಾರಿಕಿ?"

ನಾನು ನಕ್ಕೆ. "ನೀನಬೇ ಅತ್ತಿ. ನಮ್ಮ ತಂಗಿ ಲಗ್ನದಾಗ ಹಾಡಿದ್ದು."

ಅತ್ತಿ ಇನ್ನೊಮ್ಮೆ ಕೇಳಿದಳು. "ಪದಾ ನಂದ. ದನಿ ನಂದಲ್ಲ" ಎಂದಳು. "ಹಾಡೂ ಮುಗೀಲಿಲ್ಲಲ್ಲ. ಅರ್ಧಕ್ಕ ಬಿಟ್ಟ ಸೋಬಾನ ಛಲೋ ಅಲ್ಲ" ಎಂದೂ ಸೇರಿಸಿದಳು.

ಇದು ನನ್ನ ಮಟ್ಟಿಗೆ ಒಗಟಾಯಿತು. ಸ್ಪೀಕರು ಸುಳ್ಳು ಹೇಳುವುದಿಲ್ಲ, ಅತ್ತಿಯೂ ಜನ್ಮದಲ್ಲಿ ಸುಳ್ಳು ಹೇಳಿದವಳಲ್ಲ. ಎರಡರಲ್ಲಿ ಒಂದು ಎಡವಿದೆ. ಬೇರೆ ಕಡೆ ಕೇಳಿ ನೋಡೋಣವೆಂದು ಸಿಡಿ ಜೇಬಿನಲ್ಲಿಟ್ಟುಕೊಂಡು ಹೊರಟೆ. ಸವದತ್ತಿಗೆ ಹೋಗುವ ಟೆಂಪೋದ ಡ್ರೈವರನಿಗೆ ಹಚ್ಚಲು ಕೊಟ್ಟರೆ ಅತ್ತಿಯ ದನಿ ಸೀಟಿನ ಕೆಳಗಿನಿಂದ ಬಂತು. ಸೀಟು ನಡುಗಿತು, ಪದ ಒಂದೂ ತಿಳಿಯಲಿಲ್ಲ. ಡ್ರೈವರ, "ಅಜ್ಜಿ ಗಂಡಸಿನಗತೆ ಹಾಡ್ಯಾಳ ಬಿಡ್ರಿ" ಎಂದು ಹೊಗಳಿದ. ಕಿತ್ತೂರಿನಲ್ಲಿ ಹೈವೇ ಪಕ್ಕದ ಚಹಾದಂಗಡಿಯಲ್ಲಿ ಹಚ್ಚಿಸಿದೆ. ಅಲ್ಲಿ ಅದು ಎಂಟು ವರ್ಷದ ಹುಡುಗಿಯ ದನಿಯಾಗಿತ್ತು. ಪುಣೆಯ ಕಡೆಯ ಲಾರಿಗಳು ಹಾಯುವಾಗಲೆಲ್ಲ ಅದೂ ಇಲ್ಲ. ಊರಿಗೆ ಬಂದು ನನ್ನ ಖೋಲಿಯಲ್ಲಿ ಹಚ್ಚಿದರೆ ಮೂರನೆಯದೇ ಒಂದು ದನಿ. ಇಷ್ಟು ಅತ್ತಿಯರಲ್ಲಿ ನನ್ನ ಕಾಲು ಹಿಡಿದು ಎಳೆದ ಅತ್ತಿ ಯಾವಾಕೆ ಎಂದು ನನಗೇ ಅನುಮಾನ ಶುರುವಾಯಿತು.

ಇಷ್ಟರಲ್ಲಿ ಸ್ಪೀಕರುಗಳ ನಡತೆಯೂ ಬದಲಾಗಿತ್ತು. ಯುಗಾದಿಯಲ್ಲಿ ಅಚ್ಚುಕಟ್ಟಾಗಿ ಮಾತಾಡುತ್ತಿದ್ದವು ಈಗ ತಬಲಾದ ಒಂದೇ ಏಟಿಗೆ ಮೂಲೆಯೆಲ್ಲ ಗುಡುಗುವಂತೆ ಮಾಡುತ್ತಿದ್ದವು. ನಾನು ಗುಡುಗು ಕಡಿಮೆ ಮಾಡಿ ಕೊಟ್ಟರೆ ಮೇಳದವರು ತಬಲಾ ಎಲ್ಲಿ ಎಂದು ಮತ್ತೆ ಬರುವರು. ಹೀಗಿರುವಾಗ ಒಂದು ದಿನ ಪೇಟೆಯಿಂದ ಬಂದು ಖೋಲಿಯ ಬಾಗಿಲು ತೆರೆದರೆ ಒಳಗೆಲ್ಲ ಹತ್ತಿ. ಅಣ್ಣ ಹೊಲದಿಂದ ತಂದ ಹತ್ತಿ ತುಂಬಿದ ಅಂಡಿಗೆ ಚೀಲಗಳನ್ನು ಜಂತಿ ಮುಟ್ಟುವ ಹಾಗೆ ಒಟ್ಟಿದ್ದ. ನನ್ನ ಕುರ್ಚಿಗೆ ಹೋಗಲು ಓರೆಯಾಗಿ ತೂರಬೇಕು. ಸ್ಪೀಕರು ಹಚ್ಚಿದೆ, ಕಂಬಳಿ ಹೊದ್ದು ಮಾತಾಡಿದಂತೆ ಬಂತು. ಸುಟ್ಟೇಹೋಯಿತು ಅಂದುಕೊಂಡೆ. ಚಪ್ಪಾಳೆ ತಟ್ಟಿದೆ, ಚಪ್ಪಾಳೆಯೂ ಸತ್ತಿತ್ತು. ಸ್ಪೀಕರು ಸುಡಬಹುದು, ಚಪ್ಪಾಳೆ ಹೇಗೆ ಸುಟ್ಟೀತು?

ಆಗ ಹಗೇವು ನೆನಪಾಯಿತು. ಖಾಲಿಯಾದಾಗ ಗಂಡಸಿನಂತೆ ಗುಡುಗುತ್ತಿದ್ದ ಹಗೇವು ಜೋಳ ತುಂಬಿದಾಗ ಉಸಿರೆತ್ತುತ್ತಿರಲಿಲ್ಲ. ಯುಗಾದಿಯಲ್ಲಿ ನನ್ನ ಹಿಂದೆ ಜೋಳದ ಚೀಲಗಳಿದ್ದವು. ಕಸ್ತೂರಿಯೂ ಅಣ್ಣನ ಹೆಂಡತಿಯೂ ಚೀಲದ ಮೇಲೆ ಚೀಲ ಗಿರಣಿಗೆ ಕಳಿಸಿದ ಹಾಗೆ ಮೂಲೆಗಳು ಖಾಲಿಯಾಗಿ, ಖೋಲಿ ಗಡಿಗೆಯಾಗಿತ್ತು. ಅಂದರೆ ಆ ವರ್ಷವಿಡೀ ಮೇಳದವರ ತಬಲಾವನ್ನು ಏರಿಸಿ ಇಳಿಸಿದ್ದು ನಾನಲ್ಲ, ನಾವು ತಿಂದ ರೊಟ್ಟಿ. ಈ ಜ್ಞಾನೋದಯವನ್ನು ಅಣ್ಣನಿಗೆ ವಿವರಿಸಿ, ಮೂಲೆಗೆರಡು ಅಂಡಿಗೆಗಳನ್ನಾದರೂ ಗೌರಿಯ ಮದುವೆಯ ತನಕ ಮಾರಬೇಡ ಎಂದು ಬೇಡಿಕೊಂಡೆ.

ಅಣ್ಣ ನನ್ನ ಮುಖವನ್ನೇ ನೋಡಿದ. "ರೇಟ್ ಬಂದ ದಿನ ಮಾರಾಂವ ನಾ. ನಿನ್ನ ಹಾಡಿಗಿ ಹತ್ತಿ ಹಿಡಕೊಂಡ ಕುಂಡ್ರಾಕ ಆಗ್ತೈತೇನ?" ಎಂದ. ಆಮೇಲೆ ಒಳಗೆ ಬಂದು ಅತ್ತಿಯ ಹಾಡನ್ನು ಸ್ವಲ್ಪ ಕೇಳಿ ಎದ್ದುಹೋದ. ಮಿಕ್ಕದ್ದೆಲ್ಲ ಮಾರುಕಟ್ಟೆಗೆ ಹೋಯಿತು, ಮೂಲೆಯ ಅಂಡಿಗೆಗಳು ಉಳಿದವು.

ಈಗ ಖೋಲಿ ಸರಿಯಾಯಿತು. ಮೊದಲಿನಿಂದ ಮತ್ತೆ ಮಿಕ್ಸ್ ಮಾಡಿದೆ. ನನ್ನ ಸ್ಪೀಕರಿಗೂ ನನಗೂ ಈಗ ಸ್ನೇಹವಾಗಿತ್ತು, ಅದು ಎಷ್ಟು ಹೇಳುತ್ತದೆ, ಎಲ್ಲಿ ಸುಮ್ಮನಾಗುತ್ತದೆ ಎಂದು ತಿಳಿದಿತ್ತು. ಅತ್ತಿಯ ದನಿಯಲ್ಲಿದ್ದ ಸಣ್ಣ ಒರಟು, ಸಾಲಿನ ಕೊನೆಗೆ ಅವಳು ಉಸಿರು ಎಳೆದುಕೊಳ್ಳುವ ರೀತಿ, ಎಲ್ಲ ಇದ್ದದ್ದು ಇದ್ದಂತೆ ಬಂತು. ಸಂಕ್ರಾಂತಿಯ ಕುಸುರೆಳ್ಳು ಕೊಡಲು ನೇಸರಗಿಗೆ ಹೋಗಿ ಅತ್ತಿಯನ್ನು ಕರೆದುಕೊಂಡು ಬಂದೆ. ಇನ್ನು ಒಪ್ಪದೆ ಎಲ್ಲಿ ಹೋಗುತ್ತಾಳೆ ಎಂಬ ಧೈರ್ಯ ನನಗೆ.

ಅತ್ತಿ ಕೇಳಿದಳು. ಕಣ್ಣಲ್ಲಿ ನೀರಿತ್ತು, ಗೆದ್ದೆ ಅಂದುಕೊಂಡೆ. ಅವಳು ನನ್ನ ಕಿವಿಯನ್ನು ಬಾಯಿಯ ಹತ್ತಿರ ಎಳೆದುಕೊಂಡಳು.

"ನಾ ಅಲ್ಲೋ ತಮ್ಮಾ. ಇಕಿ ಯಾರೋ ಒಬ್ಬಾಕಿನ ಬಾವಿಕಟ್ಟಿ ಮ್ಯಾಲೆ ಕುಂತು ಹಾಡಿದಂಗ ಐತಿ. ಯಾರದೋ ದನಿ ಹಚ್ಚಿ ನನ್ನ ಮಮ್ಮಗಳಿಗೆ ಸುರಗಿ ಮಾಡಬ್ಯಾಡ್ರಿ. ಹಾಡ ಇಲ್ಲದ ಎರೀರಿ, ನಡೀತೈತಿ."

ಆ ದಿನ ನನಗಾದ ಸಂಕಟವನ್ನು ಹೇಗೆ ಹೇಳಲಿ. ಸ್ಪೀಕರಿನ ತಪ್ಪಿರಲಿಲ್ಲ, ಖೋಲಿಯ ತಪ್ಪಿರಲಿಲ್ಲ. ದನಿ ಹೋದ ಮುದುಕಿಗೆ ಅವಳ ದನಿಯನ್ನು ತಿರುಗಿ ಕೊಡುತ್ತೇನೆಂದು ಹೊರಟಿದ್ದೆ, ಅವಳು ಅದನ್ನು ಕೈಯಲ್ಲಿ ಹಿಡಿದು ನೋಡಿ ನನ್ನದಲ್ಲ ಎಂದು ವಾಪಸು ಕೊಟ್ಟಿದ್ದಳು. ಬಸ್ಸಿಗೆ ಹತ್ತಿಸುವಾಗ ಅತ್ತಿಯೇ ನನ್ನ ಬೆನ್ನು ಸವರಿದಳು. ಶಾಂತಕ್ಕನಿಗೆ ಫೋನು ಮಾಡಿ ಹೇಳಿದರೆ ಆಕೆ, "ಅವ್ವ ಹಂಗ ಅಂತಾಳ, ನೀ ತಗೊಂಡ ಬಾ. ಗೌರಿ ಕೇಳೂದಿಲ್ಲ" ಎಂದಳು.

ಮದುವೆಗೆ ಕೆಲವೇ ದಿನ ಉಳಿದಿದ್ದವು. ಏನು ಬದಲಿಸಬೇಕೆಂದು ತಿಳಿಯದಿದ್ದಾಗ ಮನುಷ್ಯ ಕೈಗೆ ಸಿಕ್ಕದ್ದನ್ನು ಬದಲಿಸುತ್ತಾನೆ. ನನ್ನ ಕೈಗೆ ಸಿಕ್ಕದ್ದು ಆ ಕೊಳಲು. ಒಂದು ದಿನ ಅದನ್ನು ಏರಿಸಿದೆ, ಮರುದಿನ ಇಳಿಸಿದೆ. ಕೊಳಲಿನ ಬದಲು ಪಿಟೀಲು ಹಾಕಿದೆ, ಆಮೇಲೆ ಅದಕ್ಕೂ ಬೇಸತ್ತು ಎಲ್ಲವನ್ನೂ ಅಳಿಸಿದೆ. ಅತ್ತಿಯ ಒಂದು ಸಾಲು, ಮುಂದೆ ಒಂದು ಸಾಲಿನಷ್ಟು ಖಾಲಿ ಜಾಗ, ಮತ್ತೆ ಅತ್ತಿಯ ಸಾಲು. ಆ ಖಾಲಿಗೆ ಏನು ತುಂಬಬೇಕೆಂದು ಹೊರಡುವ ದಿನದ ತನಕ ಹೊಳೆಯಲೇ ಇಲ್ಲ. ಹಾಗೆಯೇ ಸಿಡಿ ಮಾಡಿಕೊಂಡು, ಸ್ಪೀಕರುಗಳನ್ನು ಕೌದಿಯಲ್ಲಿ ಸುತ್ತಿ, ಕಸ್ತೂರಿಯೊಡನೆ ರಾಮದುರ್ಗದ ಬಸ್ಸು ಹತ್ತಿದೆ. ಮದುವೆಮನೆಯವರು ತಂದಿದ್ದ ಕಹಳೆ ಬಾಯಿಯ ಭೋಂಗಾದಲ್ಲಿ ಅತ್ತಿಯ ದನಿಯನ್ನು ಕೇಳುವ ಧೈರ್ಯ ನನಗಿರಲಿಲ್ಲ.

ಬೆಳಿಗ್ಗೆ ಹಂದರದ ಕೆಳಗೆ ಸುರಗಿ ಸಿದ್ಧವಾಯಿತು. ನಾಲ್ಕು ಮೂಲೆಗೆ ತಂಬಿಗೆ, ಸುತ್ತ ನೂಲು. ಗೌರಿ ಮಣೆಯ ಮೇಲೆ ಕೂತಳು. ಅತ್ತಿಯನ್ನು ಒತ್ತಾಯದಿಂದ ಕರೆತಂದು ಎದುರಿಗೆ ಕೂರಿಸಿದ್ದರು, ಅವಳು ಮುಖವನ್ನು ಕಂಬದ ಕಡೆಗೆ ತಿರುಗಿಸಿ ಕೂತಿದ್ದಳು. ಹಂದರವೆಂದರೆ ಗೋಡೆಯಿಲ್ಲ, ಮೂಲೆಯಿಲ್ಲ, ಜೋಳವಿಲ್ಲ, ಹತ್ತಿಯಿಲ್ಲ. ನಾನು ಇಷ್ಟು ತಿಂಗಳು ಕಲಿತದ್ದರಲ್ಲಿ ಒಂದೂ ಅಲ್ಲಿ ಉಪಯೋಗಕ್ಕೆ ಬರುವಂತಿರಲಿಲ್ಲ. "ಮಾಮಾ, ಹಚ್ಚು" ಎಂದಳು ಗೌರಿ. ಹಚ್ಚಿದೆ.

ಅತ್ತಿಯ ಮೊದಲ ಸಾಲು ಬಂತು. ಅರಿಶಿನದ ಬಟ್ಟಲು ಹಿಡಿದವರು ಹಾಗೆಯೇ ನಿಂತರು. ಸಾಲು ಮುಗಿಯಿತು, ನನ್ನ ಖಾಲಿ ಜಾಗ ಶುರುವಾಯಿತು. ಹಂದರದ ತುಂಬ ಮೌನ. ಜನ ನನ್ನ ಕಡೆ ನೋಡಿದರು, ಯಂತ್ರ ಕೆಟ್ಟಿತೆಂದು ತಿಳಿದಿರಬೇಕು. ಆಗ ಒಲೆಯ ಕಡೆ ಸಾರು ತಿರುವುತ್ತಿದ್ದ ಒಬ್ಬ ಹೆಂಗಸು, ಕೈಯಲ್ಲಿ ಸೌಟು ಇರುವಂತೆಯೇ, ತಲೆಯನ್ನೂ ಎತ್ತದೆ, ಆ ಸಾಲನ್ನು ತಿರುಗಿ ಅಂದಳು. ಅವಳೇನೂ ಯೋಚಿಸಿ ಅಂದದ್ದಲ್ಲ. ಮುಂದೆ ಒಬ್ಬಾಕೆ ಎತ್ತಿದರೆ ಹಿಂದೆ ಅನ್ನಬೇಕು, ಜನ್ಮವೆಲ್ಲ ಹಾಗೆಯೇ ಅಂದವಳು. ಎರಡನೆಯ ಸಾಲಿನ ಹಿಂದೆ ನಾಲ್ಕಾರು ದನಿ ಸೇರಿದವು. ಮೂರನೆಯದಕ್ಕೆ ಹಂದರದಲ್ಲಿದ್ದ ಹೆಂಗಸರೆಲ್ಲ ಅನ್ನುತ್ತಿದ್ದರು. ಒಬ್ಬಳದು ಮೇಲಿನ ಶ್ರುತಿ, ಇನ್ನೊಬ್ಬಳದು ಎಲ್ಲಿಯದೋ. ಬಳೆ ಸದ್ದು ಮಾಡಿದವು, ಒಂದು ಕೂಸು ಅಳತೊಡಗಿತು. ನಾನು ತಿಂಗಳುಗಟ್ಟಲೆ ಕೂತು ಕತ್ತರಿಸಿ ಎಸೆದಿದ್ದೆಲ್ಲ ನನ್ನ ಸುತ್ತ ಬಂದು ನಿಂತಿತ್ತು. ನನಗೆ ನಗು ಬಂತು.

ಅತ್ತಿ ಕಂಬದ ಕಡೆಯಿಂದ ಮುಖ ತಿರುಗಿಸಿದಳು. ಸ್ಪೀಕರನ್ನು ನೋಡಿದಳು, ಹೆಂಗಸರನ್ನು ನೋಡಿದಳು. ನನ್ನನ್ನು ಕೈಸನ್ನೆಯಿಂದ ಕರೆದಳು. ಕಿವಿ ಒಯ್ದೆ.

"ಈಗ ನಾನ ನೋಡು" ಎಂದಳು. "ಹಿಂದಿನವರು ಇಲ್ಲದ ನಾ ಯಾವತ್ತ ಹಾಡೇನಿ? ನನಗರ ಹೆಂಗ ಗುರ್ತ ಸಿಗಬೇಕು?"

ಗೌರಿಗೆ ಅರಿಶಿನ ಹಚ್ಚಿದರು. ತಲೆಯ ಮೇಲೆ ನೀರು ಬಿತ್ತು. ಅತ್ತಿಯ ತುಟಿಗಳು ತನ್ನ ದನಿಯ ಜೊತೆ ಅಲುಗುತ್ತಿದ್ದವು. ಆಗ ನನಗೆ ಕ್ಯಾಸೆಟ್ಟಿನ ಕೊನೆ ನೆನಪಾಯಿತು. ನಾನು ಇಳಿಸಿ ಮುಗಿಸಿದ್ದ ಜಾಗ ಹತ್ತಿರ ಬರುತ್ತಿತ್ತು. ಬಂದೇ ಬಂತು. ಹಾಡು ಅರ್ಧದಲ್ಲಿ ಮೆಲ್ಲಗೆ ಕರಗಿ ನಿಂತಿತು. ಹೆಂಗಸರು ಆ ಸಾಲನ್ನು ತಿರುಗಿ ಅಂದು, ಮುಂದಿನದಕ್ಕಾಗಿ ಸ್ಪೀಕರಿನ ಕಡೆ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಅತ್ತಿಯ ಕಡೆ ತಿರುಗಿದರು.

ಅತ್ತಿ ಶಾಂತಕ್ಕನ ಕೈ ಹಿಡಿದು ಎಳೆದಳು. ಶಾಂತಕ್ಕ ತಾಯಿಯ ಹಿಂದೆ ನಿಂತು ಅಂದವಳೇ ಹೊರತು ಒಂದು ದಿನವೂ ಮುಂದೆ ನಿಂತು ಎತ್ತಿದವಳಲ್ಲ. ಅವಳು ಬಗ್ಗಿ ಕಿವಿ ಕೊಟ್ಟಳು. ಅತ್ತಿಯ ಪಿಸುಮಾತು ಅವಳೊಬ್ಬಳಿಗೇ ಕೇಳಿತು. ಶಾಂತಕ್ಕ ಸೆರಗು ಸಿಕ್ಕಿಸಿಕೊಂಡು, ಮಗಳನ್ನು ನೋಡುತ್ತ, ನಡುಗುವ ದನಿಯಲ್ಲಿ ಮುಂದಿನ ಸಾಲು ಎತ್ತಿದಳು. ಹೆಂಗಸರು ಹಿಂದೆ ಅಂದರು. ಮತ್ತೆ ಬಗ್ಗಿದಳು, ಮತ್ತೆ ಎತ್ತಿದಳು. ನಾನು ಸ್ಪೀಕರಿನ ವೈರು ಕಿತ್ತು, ಕೌದಿ ಹಾಸಿಕೊಂಡು ಅಲ್ಲೇ ನೆಲಕ್ಕೆ ಕೂತೆ. ಆ ಸಾಲುಗಳಲ್ಲಿ ಒಂದೂ ನನ್ನ ಯಾವ ಕ್ಯಾಸೆಟ್ಟಿನಲ್ಲೂ ಇರಲಿಲ್ಲ.